ಎರಡನೇ ಸಾಲಿನ ನಿಂಬೆಗಿಡಗಳು

ಎರಡನೇ ಸಾಲಿನಲ್ಲೂ ಹುಳ ಇರಲಿಲ್ಲ. ಶೀನಪ್ಪ ಎಲೆಗಳನ್ನು ಮಗುಚಿ ಅಡಿಯನ್ನೂ ನೋಡಿದ. ಹನ್ನೆರಡು ನಿಂಬೆಗಿಡಗಳೂ ತೊಳೆದಿಟ್ಟ ಹಾಗೆ ಹಸುರಾಗಿದ್ದವು. ಅವನ ಎದೆ ಕುಸಿಯಿತು.

ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಳ್ಳೆಯ ಜೀವಾಣುಗಳಿವೆ, ಅವನ್ನು ಬೇರಿಗೆ ಕೊಟ್ಟರೆ ಗಿಡವೇ ಹುಳವನ್ನು ತಡೆದುಕೊಳ್ಳುತ್ತದೆ ಎಂದು ನಂಬಿ ಅವನು ಲಾಯಿಲದ ಸರಕಾರಿ ತೋಟದಲ್ಲಿ ಎರಡು ವರ್ಷ ಕಳೆದಿದ್ದ. ಮೊದಲ ಸಾಲಿಗೆ ಜೀವಾಣು ಕಲಸಿದ ನೀರು, ಎರಡನೆಯದಕ್ಕೆ ಬರೀ ನೀರು. ಎರಡನೆಯದನ್ನು ಹುಳ ತಿಂದರೆ ಮಾತ್ರ ಮೊದಲನೆಯದು ಉಳಿದದ್ದಕ್ಕೆ ಅರ್ಥ. ಮುಂದಿನ ತಿಂಗಳು ಮಂಗಳೂರಿನಿಂದ ಅಧಿಕಾರಿ ಬರುತ್ತಾರೆ. ವ್ಯತ್ಯಾಸ ಕಾಣದಿದ್ದರೆ ಪ್ರಯೋಗ ನಿಲ್ಲಿಸಿ, ಎಂಡ್ರಿನ್ ಎಂಬ ಕೀಟನಾಶಕ ಹೊಡೆಯಲು ಬರೆದಿಟ್ಟು ಹೋಗುತ್ತಾರೆ.

"ಪೂವಮ್ಮ, ಈ ಸಾಲಿಗೂ ಆ ನೀರು ಹಾಕಿದ್ರಾ?"

ತೋಟಕ್ಕೆ ನೀರು ಹೊಯ್ಯುವ ಪೂವಮ್ಮ ಸೊಂಟದ ಕೊಡ ಇಳಿಸಲಿಲ್ಲ. "ಹಾಕಿದ್ದೇನೆ ಸ್ವಾಮಿ. ಮೊದಲಿನಿಂದಲೂ."

"ಹಾಕಬಾರ್ದು ಅಂತ ಹೇಳಿದ್ದೆ ಅಲ್ವಾ ಮಾರಾಯ್ರೆ?"

"ಹೇಳಿದ್ದೀರಿ. ಆದ್ರೆ ಗುತ್ತಿನ ಮನೆಯ ಧಣಿಗಳ ಊಟದಲ್ಲಿ ನಮ್ಮ ಸಾಲಿಗೆ ಬರುವಾಗ ಪಾಯಸ ಮುಗಿದಿರ್ತದೆ. ಖಾಲಿ ಎಲೆ ಮುಂದಿಟ್ಟುಕೊಂಡು ಆಚೆ ಸಾಲಿನವರು ಉಣ್ಣುವುದನ್ನು ನೋಡ್ತಾ ಕೂರುವುದು ನನಗೆ ಗೊತ್ತುಂಟು. ಗಿಡಕ್ಕಾದ್ರೆ ಎದ್ದು ಹೋಗ್ಲಿಕ್ಕೂ ಆಗುದಿಲ್ಲ."

ಅಂಥ ಊಟಗಳಲ್ಲಿ ತಾನು ಕೂತದ್ದು ಆ ಆಚೆ ಸಾಲಿನಲ್ಲೇ ಎಂಬುದು ಶೀನಪ್ಪನಿಗೆ ನೆನಪಾಯಿತು. ಮುಖ ತಿರುಗಿಸಿ ಬೇಲಿಯಾಚೆ ನೋಡಿದ.

ಅಲ್ಲಿ ನಫೀಸಮ್ಮನ ಹಿತ್ತಲಲ್ಲಿ ಒಂದೇ ಒಂದು ನಿಂಬೆಗಿಡ. ತೋಟಕ್ಕೆ ತಂದ ಸಸಿಗಳಲ್ಲಿ ಮಿಕ್ಕಿದ್ದನ್ನು ಅವನೇ ಕೊಟ್ಟದ್ದು. ಹುಳಗಳು ಎಲೆ ತಿಂದು ನರ ಮಾತ್ರ ಬಿಟ್ಟಿದ್ದವು. ಶೀನಪ್ಪನ ಉಸಿರು ಹಗುರವಾಯಿತು. ಅದೇ ತಳಿ, ಅದೇ ಮಣ್ಣು, ಅದೇ ಪ್ರಾಯ. ಅಧಿಕಾರಿಗೆ ಇದನ್ನೇ ತೋರಿಸಬಹುದು. ಅಲ್ಲಿಯವರೆಗೆ ಅದು ಹೀಗೇ ಇದ್ದರೆ ಸಾಕು.

"ನೀವೂ ನೋಡಿದ್ರಾ?" ಪೂವಮ್ಮ ಹತ್ತಿರ ಬಂದಳು. "ಪಾಪ, ಉಪ್ಪಿನಕಾಯಿಗೆ ಅವರಿಗೆ ಅದೊಂದೇ ಗಿಡ. ಒಂದು ಚೊಂಬಿನಷ್ಟು ಮದ್ದಿನ ನೀರು ಬಾಕಿ ಉಂಟು. ಸ್ವಾಮಿಯವರಲ್ಲಿ ಕೇಳಿ ಕೊಡ್ತೇನೆ ಅಂದಿದ್ದೇನೆ."

ಬೇಡ ಎನ್ನಲು ಒಂದೇ ಮಾತು ಸಾಕಿತ್ತು. ಬೇಲಿಯ ಬಳಿ ನಫೀಸಮ್ಮ ಖಾಲಿ ಚೊಂಬು ಹಿಡಿದುಕೊಂಡು, ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.