ಒಂದಕ್ಕೆ ಐದು

ಅಳಿಯ ತನ್ನ ಸ್ಕೂಟರಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟಾಗ ದರ್ಜಿ ಬೇಡ ಎನ್ನಲಿಲ್ಲ. ಎತ್ತಿ ಜೇಬಿಗೆ ಹಾಕಿಕೊಂಡ.

“ನಷ್ಟ ತುಂಬೋವರೆಗೂ ಇಟ್ಕೊಳ್ಳಿ ಮಾವ. ನನಗೂ ಶೇರು ಹೊಸದು, ಹೇಗೆ ಬಿತ್ತೋ ಗೊತ್ತಾಗ್ತಿಲ್ಲ.”

“ನಿನ್ನ ಮಾತು ಕೇಳಿ ಸಾವಿರಕ್ಕೊಂದರಂತೆ ತಗೊಂಡೆ, ಇವತ್ತು ಇನ್ನೂರಂತೆ! ಮಗಳನ್ನೂ ಕೊಟ್ಟು ಪಂಗನಾಮಾನೂ ಹಾಕಿಸ್ಕೊಂಡೆ. ಕಳ್ಳ!” ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಲೆ ತಗ್ಗಿಸಿದರು. ಅಳಿಯ ಮೆಟ್ಟಿಲಿಳಿದ.

ಪ್ಯಾಂಟಿಗಾಗಿ ಕಾದಿದ್ದ ಬ್ಯಾಂಕಿನ ಗುಮಾಸ್ತ ದರ್ಜಿಯ ಮೊಬೈಲು ಇಸಿದುಕೊಂಡು ನೋಡಿದ. “ಯಜಮಾನ್ರೇ, ಬೆಲೆ ಮಾತ್ರ ನೋಡಿದ್ರಾ? ಎಷ್ಟು ಶೇರಿದೆ ಅಂತ ನೋಡ್ಲಿಲ್ವಾ? ಕಂಪನಿಯವರು ಒಂದನ್ನ ಐದು ಮಾಡಿದ್ದಾರೆ. ನಿಮ್ಮ ಹತ್ತು ಈಗ ಐವತ್ತಾಗಿದೆ. ಒಂದು ತುಂಡನ್ನ ಐದು ಕರವಸ್ತ್ರ ಮಾಡಿದ್ರೆ ಬಟ್ಟೆ ಕಮ್ಮಿ ಆಗುತ್ತಾ? ನಿಮ್ಮ ದುಡ್ಡು ಎಲ್ಲೂ ಹೋಗಿಲ್ಲ.”

ದರ್ಜಿ ಅಳತೆಪಟ್ಟಿ ಕೊರಳಲ್ಲಿರುವಂತೆಯೇ ಬರಿಗಾಲಲ್ಲಿ ಬೀದಿಗೆ ಓಡಿದ. ತಪ್ಪಾಯಿತು ಎನ್ನಬೇಕೆಂದಿದ್ದರೂ ಬಾಯಿಂದ ಹೊರಟದ್ದು “ಏ, ನಿಂತ್ಕೋ!” ಎಂಬುದಷ್ಟೇ.

ತಿರುವಿನಲ್ಲಿ ಅಳಿಯ ನಿಂತ. ಮಾವ ಓಡಿ ಬರುವುದನ್ನು ಕಂಡು, ಏನೂ ಕೇಳದೆ, ತನ್ನ ಕೈಗಡಿಯಾರ ಬಿಚ್ಚತೊಡಗಿದ.