ಹೆಸರಿದ್ದ ಸಾಲು

ಆ ಶನಿವಾರದವರೆಗೂ ಜೋಗುಳ ನನ್ನೊಬ್ಬಳದೇ ಆಗಿತ್ತು. ಮುಂಬೈ ಹತ್ತಿರದ ಡೊಂಬಿವಲಿಯ ಚಾಳಿನಲ್ಲಿ, ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಅವ್ವ ನನ್ನ ತಲೆ ಬಾಚುತ್ತ ಅದನ್ನು ಹಾಡುತ್ತಿದ್ದಳು. ಕೊನೆಯ ಸಾಲಿನಲ್ಲಿ ನನ್ನ ಹೆಸರು ಬರುತ್ತಿತ್ತು.

ಮರುದಿನ, ಭಾನುವಾರ ಮಧ್ಯಾಹ್ನ, ಶಾಲೆಯ ಸಭಾಂಗಣದಲ್ಲಿ ಕನ್ನಡ ಹೆಣ್ಣುಮಕ್ಕಳ ಹಾಡಿನ ಕಾರ್ಯಕ್ರಮವಿತ್ತು. ಅವ್ವನ ಪಾಲಿಗೆ ಜೋಗುಳ ಬಂದಿತ್ತು. "ಖಾಲಿ ತೊಟ್ಟಿಲು ಯಾರಾದ್ರೂ ತೂಗ್ತಾರಾ ಮಾರಾಯ್ತಿ?" ಎಂದು ಪಕ್ಕದ ಖೋಲಿಯ ಉಡುಪಿಯ ಶಾಂತಕ್ಕ ತಮ್ಮ ಕೂಸನ್ನೇ ವೇದಿಕೆಯ ತೊಟ್ಟಿಲಲ್ಲಿ ಮಲಗಿಸಿದರು. ಮುಖಕ್ಕೆ ಘಮ್ಮೆನ್ನುವ ಸ್ನೋ ಕ್ರೀಮು ಹಚ್ಚಿಕೊಂಡಿದ್ದ ಅವ್ವ ಮೈಕಿನ ಮುಂದೆ ಗಂಟಲು ಬಿಚ್ಚಿ ಹಾಡಿದಳು. ಕೊನೆಯ ಸಾಲು ಬಂದಾಗ ನಾನು ಸೆಟೆದು ಕೂತೆ. ಅವ್ವ ಆ ಕೂಸಿನ ಹೆಸರು ಹಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡೆ.

ಮನೆಗೆ ಬಂದು ಅವ್ವ ಬಾಚಣಿಗೆ ಹಿಡಿದಳು. "ಹಾಡ್ಲೇನವಾ?"

"ಆ ಕೂಸಿಗೇ ಹಾಡು, ಹೋಗ."

"ಅಬ್ಬಾ, ಇವಳ ಹೊಟ್ಟೆಕಿಚ್ಚೇ!" ಬಾಗಿಲಲ್ಲಿ ನಿಂತಿದ್ದ ಶಾಂತಕ್ಕ ನಕ್ಕರು. ಅವ್ವ ನಗಲಿಲ್ಲ. ಮುಂದೆ ಅವಳು ಕಲ್ಯಾಣದಲ್ಲಿ, ಠಾಣೆಯಲ್ಲಿ ಹಾಡಿದಳು. "ಹಾಡ್ಲೇನವಾ" ಅಂತ ನನ್ನನ್ನು ಮತ್ತೆ ಕೇಳಲಿಲ್ಲ.

ಹೋದ ತಿಂಗಳು ತೀರಿಕೊಂಡ ಅವ್ವನ ಪೆಟ್ಟಿಗೆ ಇವತ್ತು ತೆರೆದರೆ ಅದೇ ಸ್ನೋದ ವಾಸನೆ. ಹಾಡು ಪೂರ್ತಿ ನೆನಪಿದೆ, ಆ ಕೂಸಿನ ಹೆಸರಿನ ಜೊತೆಗೆ. ನನ್ನ ಹೆಸರನ್ನು ಅವ್ವ ಹೇಗೆ ಎಳೆದು ಹಾಡುತ್ತಿದ್ದಳೋ, ಅದು ಮಾತ್ರ ನೆನಪಿಗೆ ಬರುತ್ತಿಲ್ಲ.