ಕಿವಿಗೊಟ್ಟವಳು

‘ನಿನ್ನ ದುಃಖ ಯಾರಿಗೆ ಹೇಳ್ತಿ?’ ಎಂಬ ಪೋಸ್ಟರ್ ಸ್ಪರ್ಧೆಯ ತೀರ್ಪಿಗೆ ಕುಳಿತಿದ್ದ ಹೆಡ್‌ಮಿಸ್ ನೀಲಗಂಗಾ ಒಂದು ಚಿತ್ರ ಕಂಡು ಮೂಗು ಮುರಿದರು. ಅದರಲ್ಲಿ ಹುಡುಗಿಯೊಬ್ಬಳು ಶಾಲೆಯ ಕಸ ಗುಡಿಸುವ ದ್ಯಾಮವ್ವನ ಕಿವಿಯಲ್ಲಿ ಏನೋ ಪಿಸುಗುಡುತ್ತಿದ್ದಳು. ದ್ಯಾಮವ್ವ ಕಸಬರಿಗೆ ಕೆಳಗಿಟ್ಟು ಕೇಳುತ್ತಿದ್ದಳು.

“ಕಸಾ ಹೊಡಿಯಾಕಿ ಮುಂದ ಮನಸ್ಸು ಬಿಚ್ಚತಾಳಂತ! ನಾವೆಲ್ಲಾ ಸತ್ತೀವೇನ್ರಿ?”

“ಚಿತ್ರ ಛಲೋ ಬಂದೈತ್ರಿ ಅಕ್ಕೋರ,” ಎಂದರು ಡ್ರಾಯಿಂಗ್ ಮಾಸ್ತರು.

“ಏನ್ ಛಲೋ? ಮನ್ಯಾಗ ತಾಯಿ ಅನ್ನಾಕಿ ಏನ್ ಮಾಡ್ತಾಳ? ಮಗಳ ಮಾತು ಕೇಳಾಕ ಪುರಸೊತ್ತಿಲ್ಲದಾಕಿ ಯಾಕ ಹಡೀಬೇಕು? ನಾಳೆ ಕರಸ್ರಿ ಆಕಿನ್ನ, ಮಾರಿಗೆ ಉಗಿತೀನಿ.”

ಮಾಸ್ತರು ಹಾಳೆಯನ್ನು ಮೆಲ್ಲಗೆ ತಿರುವಿ, ಹಿಂದೆ ಬರೆದ ಹೆಸರು ನೋಡಿದರು.

“ಕರಸೂದೇನ್ ಬ್ಯಾಡ್ರಿ ಅಕ್ಕೋರ. ಇದು ನಿಮ್ಮ ಮಗಳು ಬರದದ್ದು.”